ಗಂಗವ್ವನ ಫೋಟೋಗೆ ಒಂದು ಮೊಳೆ

17-2-2002, ರವಿವಾರ. ಗೋಕಾಕ

ಮೂಡಲಗಿಗೆ ಹೋಗಿ ಬಂದೆ. ಗಿರಣಿ ರಾಜಪ್ಪನ ಹೊಸ ಮನೆ. ಅಡುಗೆಮನೆ ಗೋಡೆಗೆ ನೀರಿನ ಫಿಲ್ಟರ್ ಕೂಡಿಸುವುದಿತ್ತು. ಡ್ರಿಲ್ ಹಿಡಿಯುವ ಮೊದಲು ಕಪ್ಪೆ ಆಡಿಸಿದೆ. ಕಪ್ಪೆ ಎಂದರೆ ತಂಗಿಯ ಅಳಿಯ ಮಲ್ಲೇಶ ಪುಣೆಯಿಂದ ತಂದುಕೊಟ್ಟ ಮಷಿನ್. ಸಾಬೂನು ಡಬ್ಬಿಯಷ್ಟು. ಗೋಡೆಯ ಮೇಲೆ ಸರಿಸುತ್ತ ಹೋಗಬೇಕು. ಒಳಗೆ ವಾಯರ್ ಇದ್ದಲ್ಲಿ ಕೆಂಪು ದೀಪ, ಕರ್ ಕರ್ ಎಂದು ಕೂಗು. ಕಪ್ಪೆ ಅನ್ನುವ ಹೆಸರು ಮಂದಿ ಇಟ್ಟದ್ದು.

ರಾಜಪ್ಪ ಗೋಡೆಗೆ ಕೈ ಊರಿ ನಿಂತು ಎಲೆ ಅಡಿಕೆ ಜಗಿಯುತ್ತಿದ್ದ.

"ಕಾಕಾ, ಮಳಿ ಯಾವಾಗ ಅಂತ ನಿಮ್ಮ ಕಪ್ಪಿಗಿ ಕೇಳ್ರಿ."

"ಇದು ಕರೆಂಟಿಗಿ ಅಷ್ಟ ಒದರತೈತಿ. ಮಳಿಗಿ ನಿನ್ನ ಹೊಲದಾಗಿಂದು ಕೇಳ ಹೋಗ."

ವಾಯರ್ ಬೋರ್ಡಿನ ನೆತ್ತಿಗೆ ನೇರವಾಗಿ ಸಿಕ್ಕಿತು. ಅದರ ಬಾಜೂ ತೂತು ಹಾಕಿ ಕೆಲಸ ಮುಗಿಸಿದೆ.

ಮನೆಗೆ ಬಂದು ನಮ್ಮ ಪಡಸಾಲೆ ಗೋಡೆಗೂ ಹಿಡಿದೆ. ಇಡೀ ಗೋಡೆ ಕೂಗಿತು. ಎಲ್ಲಿಟ್ಟರೂ ಕೂಗು. ಈ ಮನೆಯ ವಾಯರಿಂಗ್ ನಾನೇ ಮಾಡಿದ್ದು... ಹೀಗೆ ಎಲ್ಲೆಂದರಲ್ಲಿ ಎಳೆದಿದ್ದೆನೇ? ನೆನಪಿಲ್ಲ. ಅಂದರೆ ಮೊಳೆ ಹೊಡೆಯುವಂತಿಲ್ಲ. ನನ್ನಾಕೆ ಗಂಗವ್ವನ ಫೋಟೋ ಹಿಟ್ಟಿನ ಡಬ್ಬಿಯ ಮೇಲೆಯೇ ಇರಲಿ.

ಖರೆ ಹೇಳಬೇಕೆಂದರೆ, ಬೇಸರವಾಗಲಿಲ್ಲ.

20-2, ಬುಧವಾರ

ಕೌಜಲಗಿಯಿಂದ ತಂಗಿ ಸಾವಿತ್ರವ್ವನ ಫೋನ್.

"ಅಣ್ಣಾ, ವೈನಿ ಫೋಟೋ ಗ್ವಾಡಿಗಿ ಹಾಕಿದ್ಯೋ ಇಲ್ಲೋ?"

"ಗ್ವಾಡಿ ತುಂಬ ಕರೆಂಟ್ ಐತೆವ್ವಾ. ಕಪ್ಪಿ ಒದರತೈತಿ."

"ಹೌದ? ಊರ ಮಂದಿ ಗ್ವಾಡಿಗೆಲ್ಲ ಮೊಳಿ ಹೊಡ್ಕೋತ ಬಂದಿ. ನಿನ್ನ ಗ್ವಾಡಿಗಿ ಮಾತ್ರ ಕಪ್ಪಿ ಪರವಾನಗಿ ಬೇಕಾತೇನ? ಯುಗಾದಿ ಮುಂದ ವರ್ಸದ ಪೂಜಿ. ಮಂದಿ ಬರತಾರ. ಮುತ್ತೈದಿಯಾಗಿ ಹೋದಾಕಿನ್ನ ಡಬ್ಬಿ ಮ್ಯಾಲ ಕುಂದರಸ್ತಾರೇನ?"

"ಮಾಡತೇನಿ."

"ಮಾಡತೇನಿ ಮಾಡತೇನಿ... ವೈನಿ ಇದ್ದಾಗಿಂದ ಇದ ಮಾತ."

ಅದು ತಂಗಿಯ ಮಗಳು ಐಶ್ವರ್ಯಾಳ ಮದುವೆಯಲ್ಲಿ ತೆಗೆದ ಫೋಟೋ. ದೊಡ್ಡದು ಮಾಡಿಸಿದ್ದು. ಒಂದು ಅಂಚಿನಲ್ಲಿ ನನ್ನ ಭುಜದ ಚೂರು ಉಳಿದುಬಿಟ್ಟಿದೆ. ಉಣ್ಣಲು ಕೂಡುವಾಗ ಎತ್ತಿ ಎದುರಿಗೆ ಒರಗಿಸಿಕೊಳ್ಳುತ್ತೇನೆ. ಸಂಜೆ ಹೊರಗಿನ ಕಟ್ಟೆ ಕಾಣುವ ಹಾಗೆ ಬಾಗಿಲ ಕಡೆ ತಿರುಗಿಸುತ್ತೇನೆ. ಹಿಟ್ಟು ತೆಗೆಯುವಾಗ "ತುಸು ಸರಿ" ಅನ್ನುತ್ತೇನೆ. ಮೊಳೆ ಹೊಡೆದರೆ ಒಂದೇ ಕಡೆ. ಆಮೇಲೆ ಅದು ಬರೀ ಫೋಟೋ.

ಇದನ್ನು ಸಾವಿತ್ರವ್ವನಿಗೆ ಹೇಗೆ ಹೇಳುವುದು.

6-3, ಬುಧವಾರ. ಹುಕ್ಕೇರಿಯಿಂದ ಬಂದ ಮೇಲೆ

ಇಂದೂಬಾಯಿ ಅವರ ವಾಡೆ. ಜೈನರು, ಹಳೆಯ ಮನೆತನ. ಮೊಮ್ಮಗ ಜಿನೇಂದ್ರನ ಮದುವೆ ಬಂದಿದೆ. ಪಡಸಾಲೆಗೆ ಆಳೆತ್ತರದ ಕನ್ನಡಿ ಹಾಕಬೇಕು. ಮಣ್ಣಿನ ಗೋಡೆ, ಮೊಳೆ ನಿಲ್ಲುವುದಿಲ್ಲ. ಆದರೆ ಒಳಗೆ ಸಾಗವಾನಿ ಕಂಬಗಳು ಮುಚ್ಚಿಹೋಗಿವೆ. ಕಂಬಕ್ಕೆ ಬಡಿದರೆ ಆನೆ ಭಾರ ತಡೆಯುತ್ತದೆ. ಕಪ್ಪೆಗೆ ಇನ್ನೊಂದು ಗುಂಡಿ ಇದೆ, ಕಬ್ಬಿಣ ಹುಡುಕಲು. ಕಂಬಕ್ಕೆ ಬಡಿದ ಹಳೆಯ ಪಟ್ಟಿ ಸಿಕ್ಕಿತು. ಆಮೇಲೆ ವಾಯರ್ ನೋಡಿದೆ. ಗೋಡೆ ಎಷ್ಟು ಶಾಂತ! ಒಂದೇ ಒಂದು ಗೆರೆಯಲ್ಲಿ ಕೂಗಿ ಸುಮ್ಮನಾಯಿತು.

ಇಂದೂಬಾಯಿಗೆ ಮೊಣಕಾಲು ನೋವು. ಅಂಗೈ ಗೋಡೆಗೆ ಊರಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಏನ್ರಿ ಗುರುಲಿಂಗಪ್ಪಾ, ಎಡಗೈ ಬೆನ್ನ ಹಿಂದ ಯಾಕ? ನಮ್ಮ ಮನ್ಯಾಂದ ಏನರ ಮುಚ್ಚಿಟ್ಟೀರೇನ?"

"ಉಸ್ತಾದ ಕಲಿಸಿದ್ದ ರೀ ಬಾಯಾರ. ಕರೆಂಟಿನ ಕೆಲಸಕ್ಕ ಒಂದ ಕೈ. ಎರಡೂ ಕೈ ಕೊಟ್ರ ಎದಿಯಾಗ ಹಾಯತೈತಿ."

"ಶಾಣ್ಯಾ ಉಸ್ತಾದ ಬಿಡ್ರಿ. ಮನಿಯವರು ಅರಾಮ ಅದಾರೇನ?"

"ಅದಾಳ್ರಿ."

ಬಾಯಿಗೆ ಬಂದುಬಿಟ್ಟಿತು. ಹುಕ್ಕೇರಿಯಲ್ಲಿ ಯಾರಿಗೂ ಗೊತ್ತಿಲ್ಲವಲ್ಲ. ಒಂದು ಗಳಿಗೆ ಹಗುರವೂ ಆಯಿತು. ಅವರು ಒಳಗೆ ಹೋಗಿ ಕುಪ್ಪಸದ ಖಣ ತಂದರು. ಹಸಿರು, ಕೆಂಪು ದಡಿ. ಮೇಲೊಂದು ಕುಂಕುಮದ ಪೊಟ್ಟಣ.

"ಮದುವಿ ಮನಿ. ಕೆಲಸಕ್ಕ ಬಂದವರ ಮನಿಯಾಕಿಗಿ ಖಣ ಕೊಡೂದು ನಮ್ಮ ಪದ್ಧತಿ. ಮನಸಿಗಿ ಬಂತೇನ ಕೇಳ್ರಿ ಮತ್ತ. ಮುಂದ ಸೀರಿಯಲ್ ಸೆಟ್ ಹಚ್ಚಾಕ ಬರತೀರಲ್ಲ, ಆಗ ಜೋಡೀಲೆ ಬರ್ರಿ."

ಆಗಲೇ ಹೇಳಬಹುದಿತ್ತು. ಎರಡೂ ಕೈ ಒಡ್ಡಿ ಇಸಿದುಕೊಂಡೆ.

ಬಸ್ಸಿನಲ್ಲಿ ಖಣದ ಚೀಲ ಪಕ್ಕದ ಸೀಟಿನ ಮೇಲಿತ್ತು. ಘಟಪ್ರಭಾದಲ್ಲಿ ಹತ್ತಿದವನೊಬ್ಬ ಕೇಳಿದ: "ಇಲ್ಲಿ ಯಾರರ ಅದಾರೇನ್ರಿ?"

ಇಲ್ಲ ಎಂದು ಚೀಲ ತೊಡೆಯ ಮೇಲೆ ತೆಗೆದುಕೊಂಡೆ.

7-3

ಖಣ ಫೋಟೋದ ಮುಂದೆ ಇಟ್ಟು ನೋಡಿದೆ. ಹಿಟ್ಟಿನ ಡಬ್ಬಿಯ ಮೇಲೆ ಅದು ಅಂಗಡಿಯ ಮಾಲಿನಂತೆ ಕಂಡಿತು. ಕೊಟ್ಟಂತಾಗಲಿಲ್ಲ. ಟ್ರಂಕಿನಲ್ಲಿಟ್ಟೆ. ಗೋಡೆ ಇನ್ನೂ ಕೂಗುತ್ತಿದೆ.

24-3, ರವಿವಾರ

ಹೋಳಿಗೆಂದು ಪುಣೆಯಿಂದ ಐಶ್ವರ್ಯಾ, ಮಲ್ಲೇಶ ಬಂದಿದ್ದಾರೆ. ಕೌಜಲಗಿಯಲ್ಲಿ ಇಳಿದವರು ಇವತ್ತು ಇಲ್ಲಿಗೂ ಬಂದರು. ಸಾವಿತ್ರವ್ವನೇ ಕಳಿಸಿರಬೇಕು. ಬಂದವನೇ ಮಲ್ಲೇಶ —

"ಮಾಮಾ, ಮಷಿನ್ ಕೆಟ್ಟೈತಿ ಅಂದ್ರಂತಲ್ಲ?"

"ಕೆಟ್ಟಿಲ್ಲಪ್ಪಾ. ಮಂದಿ ಮನ್ಯಾಗ ಛಲೋ ಐತಿ. ನಮ್ಮ ಮನ್ಯಾಗ ಅಷ್ಟ ಹಿಂಗ."

ಹಿಡಿದು ತೋರಿಸಿದೆ. ಕೂಗಿತು. ಅವನು ಹಿಡಿದ. ಸುಮ್ಮನಾಯಿತು. ನಾನು ಹಿಡಿದೆ. ಮತ್ತೆ ಕೂಗು. ಐಶ್ವರ್ಯಾ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. "ನಮ್ಮ ಮಾಮಾಗ ಕಪ್ಪೀನೂ ಹೆದರತೈತಿ ನೋಡ್ರಿ!"

ಮಲ್ಲೇಶ ನನ್ನ ಬೆನ್ನ ಕಡೆ ನೋಡಿದ.

"ನಿಮ್ಮ ಎಡಗೈ ಎಲ್ಲೈತಿ ಮಾಮಾ?"

"ಎಲ್ಲಿರಬೇಕೋ ಅಲ್ಲೇ ಐತಿ."

"ಅದಕ್ಕ ಹಿಂಗ. ಹವಾ ಒಣಾ ಐತಲ್ರಿ, ಗ್ವಾಡಿ ಮ್ಯಾಲೆಲ್ಲ ಒಂದೀಟ ಕರೆಂಟ್ ಸುಮ್ಮನ ಹರಡಿರತೈತಿ. ಜೀವಕ್ಕೇನೂ ಮಾಡೂದಿಲ್ಲ, ಮಷಿನ್ ಅಷ್ಟ ಮೋಸ ಹೋಗತೈತಿ. ಬಾಜೂ ಕೈ ಹಚ್ಚಿ ಹಿಡದ್ರ ಅದು ಇಳದ ಹೋಗತೈತಿ. ಬರೇ ಅಂಗೈ. ನಿಮ್ಮದರ ಆಗಲಿ, ಬ್ಯಾರೇದವರದರ ಆಗಲಿ."

ಮೂಡಲಗಿಯಲ್ಲಿ ರಾಜಪ್ಪನ ಕೈ ಇತ್ತು. ಹುಕ್ಕೇರಿಯಲ್ಲಿ ಇಂದೂಬಾಯಿ ಅವರದು. ಮಂದಿಯ ಮನೆಯಲ್ಲಿ ಯಾರಾದರೂ ಒಬ್ಬರು ಗೋಡೆಗೆ ಒರಗಿ ಮಾತಾಡುತ್ತ ನಿಂತೇ ಇರುತ್ತಾರೆ.

ಇಲ್ಲಿ ಯಾರು ನಿಲ್ಲಬೇಕಿತ್ತು?

ಐಶ್ವರ್ಯಾ ಸುತ್ತಿಗೆ ಹುಡುಕಲು ಎದ್ದಳು. "ಈಗ ಹೊಡದ ಬಿಡೂಣು ಮಾಮಾ. ಅವ್ವನ ಬಾಯಿ ಬಂದ್ ಆಗತೈತಿ."

"ಇವತ್ ಬ್ಯಾಡವ್ವಾ. ನಾನ ಹೊಡೀತೇನಿ."

ನನ್ನ ಮುಖ ನೋಡಿದಳು. ಸುತ್ತಿಗೆ ಹುಡುಕುವುದು ಬಿಟ್ಟು ಚಹಾ ಇಡಲು ಹೋದಳು. ಹಿಟ್ಟಿನ ಡಬ್ಬಿಯ ಹತ್ತಿರ ಅವಳೂ ಒಂದು ಗಳಿಗೆ ನಿಂತಂತಾಯಿತು.

30-3, ಶನಿವಾರ. ಸಂಜೆ

ನಾಳೆ ಹುಕ್ಕೇರಿ. ಸೀರಿಯಲ್ ಸೆಟ್ ಎಲ್ಲ ಚೀಲಕ್ಕೆ ತುಂಬಿದ್ದಾಯಿತು. ಇಂದೂಬಾಯಿ ಬಾಗಿಲಲ್ಲೇ ಕೇಳುತ್ತಾರೆ. ಖಣ ಟ್ರಂಕಿನಲ್ಲಿ ಇಟ್ಟುಕೊಂಡು ಅವರ ಹೊಸ್ತಿಲು ಹೇಗೆ ದಾಟುವುದು?

ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಕಪ್ಪೆ ತೆಗೆದೆ. ಎಡಗೈ ಬೆನ್ನಿಂದ ಬರಲು ಒಪ್ಪಲಿಲ್ಲ. ಎಳೆತನದ ರೂಢಿ. ಎರಡು ಸಲ ತಂದೆ, ಎರಡು ಸಲವೂ ತಾನಾಗಿ ಹಿಂದಕ್ಕೆ ಹೋಯಿತು. ಕಡೆಗೆ ಕಣ್ಣು ಮುಚ್ಚಿ ಅಂಗೈ ಗೋಡೆಗೆ ಹಚ್ಚಿದೆ. ತಣ್ಣಗಿತ್ತು.

ಕಪ್ಪೆ ಸುಮ್ಮನಾಯಿತು.

ಬೋರ್ಡಿನಿಂದ ಅಡುಗೆಮನೆ ಕಡೆಗೆ ಒಂದೇ ವಾಯರ್. ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಉಳಿದ ಗೋಡೆಯೆಲ್ಲ ಖಾಲಿ. ಎಲ್ಲಿ ಬೇಕಾದರೂ ಹೊಡೆಯಬಹುದಿತ್ತು.

ಒಲೆಯೂ ಕಾಣಬೇಕು, ಹೊರಗಿನ ಕಟ್ಟೆಯೂ ಕಾಣಬೇಕು, ಅಂಥ ಜಾಗ ನೋಡಿ ಹೊಡೆದೆ. ಸುಣ್ಣದ ಹಕ್ಕಳೆ ಬಿತ್ತು. ಫೋಟೋ ಏರಿಸಿದೆ. ಗಾಜಿಗೆ ಕುಂಕುಮ ಇಟ್ಟೆ. ಖಣ ಮಡಿಚಿ ಚೌಕಟ್ಟಿನ ಮೇಲೆ ಹೊದಿಸಿದೆ. ಹಸಿರು ಅವಳಿಗೆ ಒಪ್ಪುತ್ತದೆ, ಮೊದಲಿನಿಂದಲೂ. ನನ್ನ ಭುಜದ ಚೂರು ಖಣದ ಮರೆಗೆ ಹೋಯಿತು.

ಆಮೇಲೆ ರೊಟ್ಟಿಗೆಂದು ಹಿಟ್ಟಿನ ಡಬ್ಬಿಯ ಹತ್ತಿರ ಹೋದೆ. "ತುಸು ಸರಿ" ಅಂದೆ. ಎರಡೂ ಕೈ ಎತ್ತಲು ಹೋಗಿ ಹಾಗೇ ನಿಂತವು. ಸರಿಸುವುದಕ್ಕೆ ಏನೂ ಇರಲಿಲ್ಲ. ಮುಚ್ಚಳ ಸಲೀಸಾಗಿ ಬಂತು.

ರೊಟ್ಟಿ ಮಾಡಲಿಲ್ಲ. ಎಡಗೈಯ ಸುಣ್ಣ ಈ ಹಾಳೆಗೂ ಹತ್ತಿದೆ.

ನಾಳೆ ಹೇಳುವುದನ್ನು ಈಗಲೇ ಬರೆದು ನೋಡುತ್ತೇನೆ. ಬಾಯಿ ಮತ್ತೆ ಮೊದಲಿನಂತೆ ಮಾಡಬಾರದು.

ಬಾಯಾರ, ಖಣ ಕೊಟ್ಟೆನ್ರಿ. ಬಣ್ಣ ಮನಸಿಗಿ ಬಂದಿರತೈತಿ. ಆದರ ಆಕಿ