ನಿನ್ನ ಲೋಟದಲ್ಲಿ ಇದ್ದದ್ದು

ಶಿರಗುಪ್ಪಿ, ತಾ. ಕಾಗವಾಡ
ಏಪ್ರಿಲ್ ೨೭, ೨೦೨೫

ಪ್ರೀತಿಯ ಮೊಮ್ಮಗ ರೋಹನಾ,

ಮೊದಲು ನಿನ್ನ ಆರೋಗ್ಯದ ಮಾತು. ಆ ಕಾಡಿನಲ್ಲಿ ಸೊಳ್ಳೆ ವಿಪರೀತ, ಮೈಮೇಲಿನ ಬಟ್ಟೆ ಒಣಗುವುದೇ ಇಲ್ಲ ಎಂದು ಹೋದ ತಿಂಗಳು ನೀನು ಫೋನಿನಲ್ಲಿ ಹೇಳಿದ್ದೆ. ಈಗ ಹೇಗಿದ್ದೀ? ಜ್ವರ ಬಂದರೆ ಮುಚ್ಚಿಡಬೇಡ. ಕಾಲ್ಬೆರಳುಗಳ ನಡುವೆ ದಿನಾಲೂ ಒರೆಸಿ ಪುಡಿ ಹಾಕು. ನಮ್ಮ ಪಲ್ಟಣದಲ್ಲಿ ಗುಂಡು ತಾಗಿ ಮನೆಗೆ ಬಂದವರಿಗಿಂತ ಕಾಲು ಕೊಳೆತು ಬಂದವರನ್ನೇ ನಾನು ಹೆಚ್ಚು ನೋಡಿದ್ದೇನೆ. ಇಲ್ಲಿ ನಿನ್ನ ಅಜ್ಜಿಯ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ನಿನ್ನ ಅಪ್ಪ ಹಗಲೆಲ್ಲ ಒಣದ್ರಾಕ್ಷಿ ಶೆಡ್ಡಿನಲ್ಲೇ ಇರುತ್ತಾನೆ. ಈ ವರ್ಷ ಮೋಡ ಕಾಡಲಿಲ್ಲ, ಕಾಯಿ ಬಣ್ಣ ಕೆಡದೆ ಹಸಿರಾಗಿಯೇ ಒಣಗಿದೆ, ನೋಡಿದರೆ ಕಣ್ಣು ತಣಿಯುತ್ತದೆ. ಹೋರಿ ಮಾರಿದೆವು.

ಕ್ಷೇಮ ಸಮಾಚಾರ ಇಷ್ಟೇ. ಮುಂದಿನದನ್ನು ಸಿಟ್ಟಿನಿಂದ ಬರೆಯುತ್ತಿದ್ದೇನೆ, ಸಿಟ್ಟು ಇಳಿಯಲಿ ಎಂದು ಕಾದು ನೋಡಿದೆ, ಇಳಿಯಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ನಕ್ಕು ಮಾತು ಹೊರಳಿಸುತ್ತೀ, ಇಲ್ಲವೇ ಲೈನು ಹೋಯಿತು ಎನ್ನುತ್ತೀ. ಕಾಗದವನ್ನು ಹಾಗೆ ಮಾಡಲು ಆಗುವುದಿಲ್ಲ. ಕೂತು ಓದು.

ತಮ್ಮ ಸಂದೇಶನಿಗೆ ಬಿಸಿಲು ಬಡಿದು ಮಿರಜದ ದವಾಖಾನೆಯಲ್ಲಿ ಮಲಗಿದ್ದ, ಈಗ ಆರಾಮ ಆಗಿದ್ದಾನೆ ಎಂದು ನಿನ್ನ ಅವ್ವ ದಾನೇಶ್ವರಿ ನಿನಗೆ ಹೇಳಿದ್ದಾಳೆ. ಮಗ ಕಾಡಿನಲ್ಲಿ ಬಂದೂಕು ಹಿಡಿದು ತಿರುಗುವವನು, ಚಿಂತೆ ಹಚ್ಚಿಕೊಂಡರೆ ಕೈ ನಡುಗೀತು ಎಂದು ಉಳಿದದ್ದನ್ನು ಮುಚ್ಚಿಟ್ಟಳು. ನಾನು ಮುಚ್ಚಿಡುವುದಿಲ್ಲ. ನಿನ್ನ ತಮ್ಮ ಸಾಯುತ್ತಿದ್ದ, ಅವನನ್ನು ಆ ದಾರಿಗೆ ಹಚ್ಚಿದವನು ನೀನು.

ದೀಪಾವಳಿಗೆ ರಜೆಯ ಮೇಲೆ ಬಂದದ್ದನ್ನು ನೆನಪು ಮಾಡಿಕೋ. ಊರಿನ ಹುಡುಗರೆಲ್ಲ ಶೆಡ್ಡಿನ ನೆರಳಿನಲ್ಲಿ ನಿನ್ನ ಸುತ್ತ ಕುಳಿತಿದ್ದರು, ಪರದೇಶದವರನ್ನೂ ಸೇರಿಸಿಕೊಳ್ಳುವ ನಿಮ್ಮ ಫ್ರೆಂಚ್ ಪಡೆಯ ಬಿಳಿ ಟೋಪಿ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗುತ್ತಿತ್ತು. ನಾನು ಆಚೆ ಹೊರಸಿನ ಮೇಲೆ ಒರಗಿದ್ದೆ, ಮುದುಕನಿಗೆ ನಿದ್ದೆ ಹತ್ತಿದೆ ಎಂದು ನೀವು ತಿಳಿದಿದ್ದಿರಿ. ಅಲ್ಲಿ ಊಟಕ್ಕೆ ಮೊದಲು ಎಲ್ಲರೂ ಎದ್ದು ನಿಲ್ಲುತ್ತೀರಂತೆ, ಲೋಟದ ತಳದಲ್ಲಿ ಒಂದೇ ಗುಟುಕು ವೈನು, ಅದಕ್ಕೆ ‘ಧೂಳು’ ಎಂದು ಹೆಸರಂತೆ. ಹಿಂದಿನ ಸಿಪಾಯಿಗಳು ಮರುಭೂಮಿಯಲ್ಲಿ ಲೋಟಕ್ಕೆ ಕುಳಿತ ಧೂಳನ್ನು ವೈನಿನಲ್ಲಿ ತೊಳೆದು ಕುಡಿಯುತ್ತಿದ್ದರು, ಅದರ ನೆನಪಿಗೆ ಈ ಪದ್ಧತಿ. ಒಬ್ಬ ಕೂಗಬೇಕು, ಎಲ್ಲರೂ ಹಾಡಬೇಕು, ಒಟ್ಟಿಗೆ ಕುಡಿದು ಲೋಟ ಕೆಳಗಿಡಬೇಕು. ಇಷ್ಟನ್ನು ಕೇಳಿ ನನಗೆ ಏನೂ ಅನಿಸಲಿಲ್ಲ. ನಿಜ ಹೇಳಬೇಕೆಂದರೆ ಹಿಡಿಸಿತು. ಪ್ರತಿ ಪಲ್ಟಣಕ್ಕೂ ತನ್ನದೊಂದು ರೀತಿ ಇರುತ್ತದೆ, ಸತ್ತವರನ್ನು ನೆನೆಯಲು ಒಂದು ನೆವ ಇರುತ್ತದೆ.

ಆದರೆ ನೀನು ಅಲ್ಲಿಗೆ ನಿಲ್ಲಿಸಲಿಲ್ಲ. ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು, ನೀನು ಏರಿಸುತ್ತ ಹೋದೆ. ಕುಡಿಯದವನನ್ನು ಅಲ್ಲಿ ಗಂಡಸು ಎನ್ನುವುದಿಲ್ಲ ಎಂದೆ. ಹೊಸಬ ಹಿಂದೆ ಸರಿದರೆ ಕಂಬಳಿ ಮುಚ್ಚಿ ಬಡಿಯುತ್ತಾರೆ ಎಂದೆ. ರಾತ್ರಿಯಿಡೀ ಕುಡಿಸಿ, ಬೆಳಗಾದ ಮೇಲೆ ಬೆನ್ನಿಗೆ ಭಾರ ಕಟ್ಟಿ ಓಡಿಸುತ್ತಾರೆ, ಅದರಲ್ಲಿ ನಿಂತವನೇ ಉಳಿಯುತ್ತಾನೆ ಎಂದೆ. ಬೆಳಗಾವಿಯ ಸೈನ್ಯ ಭರತಿಯಲ್ಲಿ ಎದೆಯಳತೆ ಸಾಲದೆ ಹೊರಬಿದ್ದು, ನಿನ್ನ ಪಡೆಯೊಂದೇ ಗತಿ ಎಂದು ನಂಬಿ ಕುಳಿತಿದ್ದ ತಮ್ಮನ ಹೆಗಲ ಮೇಲೆ ಕೈ ಹಾಕಿ, ಎಲ್ಲರೆದುರಿಗೆ ನೀನು ಅಂದ ಮಾತು ಇದು: “ಕಾಲು ಆಮ್ಯಾಲ ತಯಾರ ಮಾಡ್ಲೇ ಸಂದ್ಯಾ, ಮೊದಲ ಹೊಟ್ಟಿ ತಯಾರ ಮಾಡು.” ಎಲ್ಲರೂ ನಕ್ಕರು. ಸಂದೇಶ ನಗಲಿಲ್ಲ. ಹೋಗುವ ದಿನ ವಿಮಾನ ನಿಲ್ದಾಣದಲ್ಲಿ ಕೊಂಡಿದ್ದ ಬಾಟಲಿಯನ್ನು ಅವನ ಪೆಟ್ಟಿಗೆಯಲ್ಲಿ ಇಟ್ಟು ಹೋದೆ. ಅದೂ ನನಗೆ ಈಗ ಗೊತ್ತಾಗಿದೆ.

ಅವನ ತಯಾರಿ ನೋಡಿ ನಾನು ಹಿಗ್ಗಿದ್ದೆ, ಅದೇ ನನಗೆ ಹೆಚ್ಚು ಉರಿಯುವುದು. ನಸುಕಿನಲ್ಲಿ ಎದ್ದು ಕಾಲುವೆ ದಾರಿಯಲ್ಲಿ ಓಡುತ್ತಿದ್ದ. ಶೆಡ್ಡಿನ ಕಬ್ಬಿಣದ ಪೈಪಿಗೆ ಜೋತುಬಿದ್ದು ಗದ್ದ ಮೇಲೆ ಬರುವವರೆಗೆ ಮೈ ಎತ್ತುತ್ತಿದ್ದ. ಮೊದಲ ವಾರ ಒಂದೂ ಆಗದವನು ಸಂಕ್ರಾಂತಿಯ ಹೊತ್ತಿಗೆ ನಗುತ್ತ ಮಾಡುತ್ತಿದ್ದ. ಮೊಬೈಲಿನಲ್ಲಿ ಫ್ರೆಂಚ್ ಕಲಿಯುತ್ತ ಎಮ್ಮೆಗೆ ಆ ಭಾಷೆಯಲ್ಲೇ ಬೈಯುತ್ತಿದ್ದ, ನಿನ್ನ ಅಜ್ಜಿ ನಕ್ಕು ಸುಸ್ತಾಗುತ್ತಿದ್ದಳು. ಈ ತಯಾರಿಯ ಇನ್ನೊಂದು ಭಾಗ ಪಂಪುಸೆಟ್ಟಿನ ಕೋಣೆಯಲ್ಲಿ ನಡೆದಿತ್ತು. ನಾಲ್ಕು ಹುಡುಗರು ಸಂಜೆ ಅಲ್ಲಿ ಸಾಲಾಗಿ ನಿಲ್ಲುತ್ತಿದ್ದರಂತೆ, ಒಬ್ಬ ಕೂಗುತ್ತಿದ್ದ, ಬಾರದ ಹಾಡನ್ನು ಹಾಡಿ ಲೋಟ ಎತ್ತುತ್ತಿದ್ದರು. ನಿನ್ನ ಬಾಟಲಿ ಮುಗಿದ ಮೇಲೆ ಕಾಗವಾಡದ ಅಂಗಡಿಯಿಂದ ತಂದರು. ಉಳಿದ ಮೂವರಿಗೆ ಅದು ಮೋಜು. ಸಂದೇಶ ಮಾತ್ರ ಔಷಧ ಕುಡಿದ ಹಾಗೆ ಕಣ್ಣು ಮುಚ್ಚಿ ಕುಡಿಯುತ್ತಿದ್ದ, ವಾಂತಿ ಮಾಡಿಕೊಂಡು ಬಂದು ಮತ್ತೆ ಕುಡಿಯುತ್ತಿದ್ದ. ಬಟ್ಟೆಯ ವಾಸನೆಯನ್ನು ಶೆಡ್ಡಿನಲ್ಲಿ ದ್ರಾಕ್ಷಿಗೆ ಹಾಕುವ ಗಂಧಕದ ವಾಸನೆ ಎಂದು ನಿನ್ನ ಅವ್ವ ತಿಳಿದಳು. ಈ ಮನೆಯಲ್ಲಿ ಯಾರೂ ಮುಟ್ಟಿದವರಲ್ಲ, ಅವಳಿಗೆ ಆ ವಾಸನೆಯ ಗುರುತಾದರೂ ಹೇಗೆ ಇರಬೇಕು?

ಏಪ್ರಿಲ್ ಮೊದಲ ವಾರ ಅವನು ನೀನು ಹೇಳಿದ್ದನ್ನು ಪೂರ್ತಿಯಾಗಿ ಪರೀಕ್ಷೆ ಮಾಡಲು ಹೊರಟ. ಹಿಂದಿನ ರಾತ್ರಿ ಕುಡಿದದ್ದು ಸಾಲದೆಂದು ಬೆಳಗ್ಗೆಯೂ ಕುಡಿದು, ಚೀಲದಲ್ಲಿ ಹಸಿ ಉಸುಕು ತುಂಬಿ ಬೆನ್ನಿಗೆ ಕಟ್ಟಿಕೊಂಡು, ಬಿಸಿಲು ಏರಿದ ಮೇಲೆ ಓಡಲು ಶುರು ಮಾಡಿದ. ನೀರು ಕುಡಿಯಬಾರದು ಎಂಬ ನಿಯಮವನ್ನು ತಾನೇ ಹಾಕಿಕೊಂಡಿದ್ದ. ಕಬ್ಬು ಕಟಾವು ಮಾಡಿದ ಹೊಲದಲ್ಲಿ ಸಕ್ಕುಬಾಯಿಯ ಕುರಿಗಳು ತಂಗಿದ್ದವು. ನಾಯಿ ಒಂದೇ ಸಮನೆ ಬೊಗಳುವುದನ್ನು ಕೇಳಿ ಅವಳು ಹೋಗಿ ನೋಡಿದರೆ, ನಮ್ಮ ಹುಡುಗ ದಾರಿಯ ಮೇಲೆ ಬೋರಲು ಬಿದ್ದಿದ್ದ, ಬೆನ್ನಿನ ಮೇಲೆ ಚೀಲ ಹಾಗೇ ಇತ್ತು. ಮೈ ಹಂಚಿನ ಹಾಗೆ ಕಾದಿತ್ತು, ಬೆವರಿನ ಹನಿಯಿಲ್ಲ, ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿದ್ದವು. ಅವಳು ಹಗ್ಗ ಕತ್ತರಿಸಿ ಚೀಲ ಬಿಸಾಕಿ, ಕುರಿಗಳಿಗೆಂದು ತಂದಿಟ್ಟ ನೀರನ್ನೆಲ್ಲ ಅವನ ಮೇಲೆ ಸುರಿದು, ಕಬ್ಬಿನ ಟ್ರ್ಯಾಕ್ಟರಿಗೆ ಅಡ್ಡ ನಿಂತು ನಿಲ್ಲಿಸಿದಳು. ಟ್ರ್ಯಾಕ್ಟರಿನವನು ಕುಡಿದವನನ್ನು ಹತ್ತಿಸಿಕೊಳ್ಳುವುದಿಲ್ಲ ಎಂದನಂತೆ. ಅದಕ್ಕೆ ಅವಳು, “ಕುಡದಾನೋ ಬಿಟ್ಟಾನೋ ಆಮ್ಯಾಲ ಕೇಳೂಣು. ಈಗ ಹಿಡಿ, ಕಾಲ ಹಿಡಿ” ಎಂದು ಅವನ ಕೈಯಿಂದಲೇ ಎತ್ತಿಸಿದಳು. ಅವಳ ಋಣ ನಾವು ಏನು ಮಾಡಿದರೂ ತೀರದು.

ಮಿರಜದಲ್ಲಿ ಡಾಕ್ಟರು, ಮೈಯ ಕಾವಿಗೆ ಮಾಂಸಖಂಡ ಕರಗಿ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಂಡಿದೆ ಎಂದರು. ಮೂತ್ರ ಚಹಾದ ಬಣ್ಣಕ್ಕೆ ತಿರುಗಿತ್ತು, ಆಮೇಲೆ ಅದೂ ನಿಂತಿತು. ಯಂತ್ರ ಹಚ್ಚಿ ರಕ್ತ ಶುದ್ಧ ಮಾಡಿದರು. ನಿನ್ನ ಅಪ್ಪ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಿದ್ದ. ನೋಡಲು ಬಂದ ನಿನ್ನ ಸೋದರಮಾವ ಬಾಳೆಹಣ್ಣು ಕೊಟ್ಟು, ವಯಸ್ಸಿನ ಹುಡುಗರು, ಕುಡಿಯುತ್ತಾರೆ, ಮಿಲಿಟರಿಗೆ ಹೋಗುವವರಿಗೆ ಇದೆಲ್ಲ ಇದ್ದದ್ದೇ ಎಂದ. ಆ ದವಾಖಾನೆಯಲ್ಲಿ ನಾನು ಯಾರ ಮೇಲಾದರೂ ಕೈ ಮಾಡಿದ್ದರೆ ಅವನ ಮೇಲೆ ಮಾಡುತ್ತಿದ್ದೆ.

ಮಿಲಿಟರಿಯಲ್ಲಿ ಇದ್ದದ್ದೇ ಎನ್ನುತ್ತಾರೆ! ಮಿಲಿಟರಿಯ ಮುಖ ನೋಡದವರೂ ಎನ್ನುತ್ತಾರೆ. ನಾನು ಮರಾಠಾ ಪಲ್ಟಣದಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು. ಹಿಮದ ಚೌಕಿಯಲ್ಲಿ ಸಂಜೆ ರಮ್ಮು ಹಂಚುತ್ತಿದ್ದರು, ನಾನು ಮಗ್ಗು ಒಡ್ಡಿ ತೆಗೆದುಕೊಂಡು ಪಕ್ಕದ ಸದಲಗಾದ ಹುಡುಗನಿಗೆ ಕೊಡುತ್ತಿದ್ದೆ. ಒಂದು ದಿನ ಸುಬೇದಾರರು ನೋಡಿ, ಇದು ರೇಶನ್ನು, ಹುಕುಂ ಅಲ್ಲ, ಬೇಡವಾದರೆ ಬೇಡ ಎಂದು ಹೇಳಿ ಹೋದರು. ಯಾರೂ ನನ್ನನ್ನು ಹೆಂಗಸು ಎನ್ನಲಿಲ್ಲ. ಗುಂಡು ಹಾರುವ ಜಾಗದಲ್ಲಿ ಪಕ್ಕದವನ ಮಗ್ಗಿನಲ್ಲಿ ಏನಿದೆ ಎಂದು ನೋಡುವ ಪುರುಸೊತ್ತು ಯಾರಿಗಿರುತ್ತದೆ?

ಈಗ ಮುಖ್ಯ ಮಾತು. ಸಂದೇಶನಿಗೆ ಎಚ್ಚರವಿಲ್ಲದ ಆ ದಿನಗಳಲ್ಲಿ ನೀನು ಕಾಡಿನ ಒಳಗಿದ್ದೆ, ಫೋನು ಹತ್ತುತ್ತಿರಲಿಲ್ಲ. ತುರ್ತು ಬಿದ್ದರೆ ಎಂದು ನೀನು ಕೊಟ್ಟಿದ್ದ ನಂಬರಿಗೆ ನಿನ್ನ ಅವ್ವ ಹಚ್ಚಿದಳು. ನಿನ್ನ ಆ ನೇಪಾಳಿ ಗೆಳೆಯ ಎತ್ತಿದ. ಕಾಲು ಮುರಿದು ಬ್ಯಾರಕಿನಲ್ಲೇ ಉಳಿದಿದ್ದನಂತೆ. ಫೋನು ನನ್ನ ಕೈಗೆ ಬಂತು. ನನ್ನ ಪಲ್ಟಣದ ಹಿಂದಿ ಇನ್ನೂ ಸತ್ತಿಲ್ಲ. ನಡೆದದ್ದನ್ನು ಹೇಳಿ, ನಿಮ್ಮಲ್ಲಿ ಹುಡುಗರಿಗೆ ಹೀಗೆ ಕುಡಿಸಿ ಯಾಕೆ ಕೊಲ್ಲುತ್ತೀರಿ ಎಂದು ಕೇಳಿದೆ. ಅವನು ಹೇಳಿದ: “ಬಾಬಾಜಿ, ರೋಹನ್ ತೋ ಪೀತಾ ಹೀ ನಹೀಂ.” ರೋಹನ ಕುಡಿಯುವುದೇ ಇಲ್ಲವಲ್ಲ ಎಂದ. ಮೊದಲ ವಾರವೇ ನೀನು ನಿನ್ನ ಮೇಲಿನ ಕಾರ್ಪೊರಲ್ ಹತ್ತಿರ ಹೋಗಿ ನಮ್ಮ ಮನೆತನದಲ್ಲಿ ಕುಡಿಯುವುದಿಲ್ಲ ಎಂದೆಯಂತೆ. ಲೋಟ ಎತ್ತು, ಎಲ್ಲರ ಜೊತೆ ಹಾಡು, ಒಳಗೆ ನೀರು ಹಾಕಿಕೋ ಎಂದು ಅವನು ಹೇಳಿದನಂತೆ. ಅಂದಿನಿಂದ ಇಂದಿನವರೆಗೆ ನೀರೇ. ಕಂಬಳಿ ಮುಚ್ಚಿ ಬಡಿಯುವುದೋ ಎಂದು ಕೇಳಿದೆ. ಅವನಿಗೆ ನಗು ಬಂತು.

ಇದನ್ನೆಲ್ಲ ರೋಹನನಿಗೆ ನಾನೇ ತಿಳಿಸುತ್ತೇನೆ, ನೀನು ಹೇಳಬೇಡ ಎಂದು ಅವನಿಗೆ ಹೇಳಿ ಫೋನು ಇಟ್ಟೆ. ನಿನ್ನ ಅವ್ವ ನನ್ನ ಮುಖ ನೋಡುತ್ತ ನಿಂತಿದ್ದಳು. ಅವಳಿಗೆ ಹೇಳಿದೆ. ಮೊದಲು ಅವಳ ಮುಖದಲ್ಲಿ ಸಂತೋಷ ಬಂತು, ಮಗ ಅಷ್ಟು ದೂರ ಹೋದರೂ ಮನೆಯ ನೇಮ ಬಿಟ್ಟಿಲ್ಲ ಎಂದು. ಮರುಕ್ಷಣ ಗಾಜಿನ ಆಚೆ ನಳಿಗೆಗಳ ನಡುವೆ ಮಲಗಿದ್ದ ಇನ್ನೊಬ್ಬ ಮಗನ ಕಡೆ ತಿರುಗಿ, ಸೆರಗು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದಳು. ಒಂದೇ ಸುದ್ದಿಗೆ ಒಬ್ಬ ತಾಯಿ ಎರಡು ರೀತಿ ಅತ್ತದ್ದನ್ನು ನಾನು ಅಂದು ನೋಡಿದೆ.

ನೀನು ಕುಡಿದಿದ್ದರೆ ನನಗೆ ದುಃಖವಾಗುತ್ತಿತ್ತು, ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನೀರು ಕುಡಿದು ಊರಿಗೆ ಬಂದು ಹೆಂಡದ ಬಡಾಯಿ ಕೊಚ್ಚಿದೆಯಲ್ಲ! ಪರದೇಶದಲ್ಲಿ, ಭಾಷೆ ಬಾರದ ಜಾಗದಲ್ಲಿ, ಮೇಲಿನವನ ಮುಂದೆ ನಿಂತು ನನಗೆ ಬೇಡ ಎನ್ನುವ ಧೈರ್ಯ ಇದ್ದವನಿಗೆ, ಶೆಡ್ಡಿನ ಕೆಳಗೆ ಕುಳಿತ ನಾಲ್ಕು ಹುಡುಗರ ಮುಂದೆ ಅದನ್ನು ಹೇಳಲು ನಾಚಿಕೆ ಬಂತೇ? ಹೇಳಿಕೊಳ್ಳಬೇಕಾದ ಕೆಲಸ ಅದೊಂದೇ ಆಗಿತ್ತು, ಅದನ್ನೇ ಬಚ್ಚಿಟ್ಟೆ. ನೀನು ಬೇರೆ ದೇಶದ ಬಾವುಟಕ್ಕೆ ಸಲಾಮು ಹೊಡೆಯಲು ಹೊರಟಾಗ ನಾನು ಊಟ ಬಿಟ್ಟಿದ್ದೆ. ಆ ಸಿಟ್ಟು ಎರಡೇ ದಿನದಲ್ಲಿ ಹೋಯಿತು, ದುಡಿಯುವವನು ಎಲ್ಲಿ ದುಡಿದರೇನು ಎಂದುಕೊಂಡೆ. ಇದು ಹೋಗುತ್ತಿಲ್ಲ.

ಸಂದೇಶನ ಮೂತ್ರಪಿಂಡ ಸುಧಾರಿಸುತ್ತಿದೆ. ಒಂದು ವರ್ಷ ಓಡುವುದು, ಭಾರ ಎತ್ತುವುದು ಬೇಡ ಎಂದಿದ್ದಾರೆ. ಆಮೇಲೂ ಮನಸ್ಸಿದ್ದರೆ ನಿಮ್ಮ ಪಡೆಯ ಬಾಗಿಲಿಗೆ ಬರಲಿ, ನಾನೇ ಟಿಕೆಟು ತೆಗೆಸುತ್ತೇನೆ. ಕುಡಿಯುವುದನ್ನು ಬಿಟ್ಟಿದ್ದಾನೆ, ಮಾತನ್ನೂ ಬಿಟ್ಟ ಹಾಗಿದೆ.

ಬೈದದ್ದು ಸಾಕು. ನೀನು ಎಲ್ಲಿ ಕಾಲಿಟ್ಟರೂ ಅಲ್ಲಿನ ನೆಲ ನಿನ್ನನ್ನು ಕಾಯಲಿ. ಅಜ್ಜಿ ನಿನ್ನ ಹೆಸರಿನಲ್ಲಿ ಸೋಮವಾರದ ಒಪ್ಪತ್ತು ಮಾಡುತ್ತಿದ್ದಾಳೆ, ಅವಳ ಆಶೀರ್ವಾದ. ಆ ನೇಪಾಳಿ ಹುಡುಗನ ಕಾಲು ಬೇಗ ಕೂಡಿಕೊಳ್ಳಲಿ, ಈ ಮುದುಕ ಕೇಳಿದನೆಂದು ತಿಳಿಸು.

ಇಂತಿ ನಿನ್ನ ಅಜ್ಜ,
ಮುರಗೆಪ್ಪ

ತಾ. ಕ.: ಲಕೋಟೆ ಅಂಟಿಸುವಾಗ ಸಂದೇಶ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತ. ಯಾರಿಗೆ ಎಂದು ಕೇಳಿದ, ನಿನ್ನ ಹೆಸರು ಹೇಳಿದೆ. ಲಕೋಟೆಯನ್ನು ಕೈಗೆ ತೆಗೆದುಕೊಂಡು, “ಅಜ್ಜಾ, ನನ್ನದೂ ಒಂದು ಮಾತ ಹಾಕು. ಅಣ್ಣಾ, ನಿನ್ನಂಗ ಆಗಾಕ ನನ್ನ ಕೈಲಿ ಆಗಲಿಲ್ಲ, ಸಿಟ್ಟಾಗಬ್ಯಾಡ ಅಂತ ಬರಿ” ಎಂದ. ಬರೆದಿದ್ದೇನೆ. ನಿನ್ನ ಗೆಳೆಯ ಹೇಳಿದ್ದು ಅವನಿಗೆ ಇನ್ನೂ ಗೊತ್ತಿಲ್ಲ, ನಾವು ಹೇಳಿಲ್ಲ, ಹೇಳುವುದೂ ಇಲ್ಲ. ನನ್ನ ಬಾಯಿಂದ ಕೇಳಿದರೆ ಅವನಿಗೆ ಅಣ್ಣನೇ ಇಲ್ಲದ ಹಾಗಾಗುತ್ತದೆ. ಇದು ಕೈಗೆ ಬಂದ ದಿನವೇ ಫೋನು ಮಾಡು. ನನಗಲ್ಲ, ಅವನಿಗೆ.