ನನ್ನ ಸೈಕಲ್ಲಿನ ಕ್ಯಾರಿಯರ್ ನನಗೆ ಬಿಟ್ಟುಕೊಡಿ

ವಿದ್ಯುತ್ ಮೀಟರ್ ಓದುವವರ ಸಾಮಾನು ಸರಂಜಾಮಿನ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ತಾವು ದಯಪಾಲಿಸಿದ ತಗಡಿನ ಪೆಟ್ಟಿಗೆಯನ್ನು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲಿಂದ ಬಿಚ್ಚಿಸಿ. ಇದನ್ನೇ ಕಚೇರಿಗೆ ಬಂದು ಹೇಳಿದೆ, ನಕ್ಕರು. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಯಾವುದೋ ಊರಿನಲ್ಲಿ ಯಾರದೋ ಬಿಲ್ಲಿನ ಯಂತ್ರ ಮಳೆಗೆ ತೊಯ್ದಿತಂತೆ. ಕೂಡಲೇ ತಮಗೆ ಜ್ಞಾನೋದಯವಾಗಿ, ಅಂಗೈಯಗಲದ ಯಂತ್ರಕ್ಕೆ ಕುರಿಮರಿ ಮಲಗುವಷ್ಟು ದೊಡ್ಡ ಪೆಟ್ಟಿಗೆ ಮಾಡಿಸಿ, ನಟ್ಟು ಬೋಲ್ಟು ಹಾಕಿ ಬಿಗಿಸಿದಿರಿ. ತಾವು ಕಾರಿನಲ್ಲಿ ಓಡಾಡುವವರು. ಸೈಕಲ್ ಮೇಲೆ ಸಾಮಾನು ಒಯ್ಯುವ ಬಗೆಯನ್ನು ಸೈಕಲ್ ತುಳಿಯುವವನಿಗೆ ಒಂದು ಮಾತು ಕೇಳಬಹುದಿತ್ತಲ್ಲವೇ? ಬೆನ್ನಿಗೆ ಚೀಲ ಹಾಕಿ ನೋಡಿದವನು ನಾನು. ಗುತ್ತಲ ದಾಟುವಷ್ಟರಲ್ಲಿ ಅಂಗಿ ಬೆವರಿನಿಂದ ಮೈಗೆ ಅಂಟುತ್ತಿತ್ತು. ಹ್ಯಾಂಡಲ್ಲಿಗೆ ತೂಗುಹಾಕಿದರೆ ತಿರುವಿನಲ್ಲಿ ಸೈಕಲ್ಲೇ ವಾಲುತ್ತಿತ್ತು. ಕಡೆಗೆ ನಮ್ಮ ಓಣಿಯ ಬಿಬಿಜಾನ್ ರೆಗ್ಜಿನ್ನಿನಲ್ಲಿ ತೆಳ್ಳನೆಯ ಚೀಲ ಹೊಲಿದುಕೊಟ್ಟರು. ಸೀಟಿನ ಮುಂದಿನ ಕಬ್ಬಿಣದ ಅಡ್ಡ ಬಾರಿಗೆ ಕಟ್ಟಿದರೆ ಮೊಣಕಾಲಿಗೆ ತಾಗುತ್ತಿರಲಿಲ್ಲ, ಎಂಥ ಮಳೆಯಲ್ಲೂ ಯಂತ್ರ ತೊಯ್ಯಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾರಿಯರ್ ಖಾಲಿ ಉಳಿಯುತ್ತಿತ್ತು.

ಖಾಲಿ ಕ್ಯಾರಿಯರ್ ಯಾತಕ್ಕೆ ಎನ್ನುತ್ತೀರಾ? ನಮ್ಮ ಕಡೆ ಖಾಲಿ ಕ್ಯಾರಿಯರ್ ಕಂಡರೆ ದಾರಿಯಲ್ಲಿ ನಡೆಯುವವರು ಕೈ ಮಾಡುತ್ತಾರೆ, ನಾವು ನಿಲ್ಲಿಸುತ್ತೇವೆ. ಗಳಗನಾಥದ ದಾರಿಯಲ್ಲಿ ಹೊಲಕ್ಕೆ ಹೋಗುವ ಹೊಳಿಯವ್ವ ಬಹಳ ವರ್ಷ ನನ್ನ ಹಿಂದೆ ಕುಳಿತವಳು. ಕುಳಿತ ಕೂಡಲೇ, "ಒಬ್ಬಾವ ಇರ್ತಿ ತಮ್ಮಾ, ಮುಂಜಾನಿ ಏನರ ತಿಂದಿಯೋ ಇಲ್ಲೋ?" ಎಂದು ವಿಚಾರಿಸುತ್ತಿದ್ದಳು. ಬರೀ ಚಹಾ ಎಂದರೆ ಹಿಂದಿನಿಂದ ಬೆನ್ನಿಗೆ ಗುದ್ದುತ್ತಿದ್ದಳು. ಏರು ಬಂದಾಗ ಇಳಿದು ಜೊತೆಗೆ ನಡೆಯುತ್ತಿದ್ದಳು, ಮಾತು ಮಾತ್ರ ನಿಲ್ಲಿಸುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಮಾತಾಡುವುದು ಟಿವಿ ಒಂದೇ. ಇನ್ನು ಮೀಟರ್ ಓದುವವನನ್ನು ಜನ ಮಾತಾಡಿಸುವ ಪರಿ ತಮಗೆ ಗೊತ್ತೇ ಇದೆ: "ಇಷ್ಟ್ಯಾಕ ಬಂತ್ರಿ ಬಿಲ್ಲು?"

ಪೆಟ್ಟಿಗೆ ಬಂದ ಮೇಲೆ ಒಂದು ದಿನ ಅದೇ ಏರಿನಲ್ಲಿ ರೂಢಿಯಂತೆ, "ಇಳೀ ಯಕ್ಕಾ, ಏರ ಬಂತು" ಎಂದುಬಿಟ್ಟೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಚಾಂದಸಾಬ, "ಯಾರನ್ನ ಇಳಸಾಕತ್ತೀರಿ ಅಣ್ಣಾರ?" ಎಂದು ನಕ್ಕ. ನಾನೂ ನಕ್ಕೆ. ಮುಂದೆ ಹೋಗಿ ಸೈಕಲ್ ನಿಲ್ಲಿಸಿ ಹಿಂದಿನ ಪೆಟ್ಟಿಗೆಯನ್ನು ತಿರುಗಿ ನೋಡಿದೆ. ಬಹಳ ಸಂಕಟವಾಯಿತು.

ಪಾಪ, ಆ ಹೆಂಗಸಿಗೆ ತೊಂದರೆಯಾಗಿದೆ ಎಂದು ಬರೆದಿದ್ದರೆ ತಮ್ಮ ಮನಸ್ಸು ಕರಗುತ್ತಿತ್ತೇನೋ. ಆದರೆ ಸುಳ್ಳು ಯಾಕೆ? ಪಕ್ಕದ ಹೊಲದ ದುರ್ಗೇಶ ಈಗ ಅವಳನ್ನು ಬೈಕಿನಲ್ಲಿ ಕರೆದೊಯ್ಯುತ್ತಾನೆ. ಮೆತ್ತನೆಯ ಸೀಟು, ಏರಿನಲ್ಲಿ ಇಳಿಯುವ ಗೋಜಿಲ್ಲ. ನನ್ನನ್ನು ದಾಟಿ ಹೋಗುವಾಗ ಕೈ ಬೀಸಿ ಏನೋ ಕೂಗುತ್ತಾಳೆ, ಬೈಕಿನ ಸದ್ದಿನಲ್ಲಿ ಕೇಳಿಸುವುದಿಲ್ಲ. ಅವಳಿಗೇನೂ ನಷ್ಟವಾಗಿಲ್ಲ ಸ್ವಾಮಿ, ಆಗಿರುವುದು ನನಗೆ.

ಆದ್ದರಿಂದ ಈ ವಾರವೇ ಪೆಟ್ಟಿಗೆ ಬಿಚ್ಚಿಸಿ. ಯಂತ್ರಕ್ಕೆ ಒಂದು ಹನಿ ನೀರು ತಾಗಿದರೂ ನನ್ನನ್ನು ಕೆಲಸದಿಂದ ತೆಗೆಯಿರಿ. ಹೊಳಿಯವ್ವ ಮರಳಿ ಬರಲಿಕ್ಕಿಲ್ಲ, ಬೇಡ. ಬೇರೆ ಯಾರಾದರೂ ಬರಲಿ. ನಿನ್ನೆ ಗುರುತಿಲ್ಲದ ಮುದುಕನೊಬ್ಬ ದೂರದಿಂದಲೇ ಕೈ ಎತ್ತಿದ. ಹತ್ತಿರವಾದಾಗ ಪೆಟ್ಟಿಗೆ ಕಂಡು ಕೈ ಇಳಿಸಿಬಿಟ್ಟ. ನಾನು ಆಗಲೇ ಬ್ರೇಕ್ ಹಿಡಿದಿದ್ದೆ.

ಇಂತಿ,
ತಮ್ಮ ಪೆಟ್ಟಿಗೆಯನ್ನು ಊರೂರು ಮೆರೆಸುತ್ತಿರುವ
ಫಕ್ಕೀರೇಶ, ಗುತ್ತಲ