ಅಪ್ಪ ಮೂಸಿದ ಮೋಸಂಬಿ

ಸೆಪ್ಟೆಂಬರ್ 14, ಬೆಳಿಗ್ಗೆ 11

ಮೂರನೇ ಸ್ಯಾಂಪಲ್ ಆಯಿತು. ಹೊಳೆ ಬದಿಯ ತೋಟದಿಂದ ಈಗಷ್ಟೇ ಬಂದೆ. ಸಿಪ್ಪೆಯ ಮೇಲಿನ ಹಸಿರು ಪದರವನ್ನಷ್ಟೇ ಹೆರೆದು ಬಾಟಲಿಗೆ ಹಾಕಿ, ಐಸ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ನಾಳೆ ಜಮಖಂಡಿಗೆ ಹೋಗಿ ಅಲ್ಲಿಂದ ಬೆಳಗಾವಿ ಬಸ್. ಲ್ಯಾಬ್‌ನಲ್ಲಿ ವಾಸನೆಯ ಅಂಶ ಅಳೆಯುವ ಮಷೀನ್ ಸಿಕ್ಕರೆ ಪುಣ್ಯ.

ನನ್ನ ಪಿಎಚ್‌ಡಿ ಏನು ಅಂತ ಅವ್ವ ಕೇಳಿದಾಗೆಲ್ಲ ಒಂದೇ ಉತ್ತರ— ಮೋಸಂಬಿ ಮಾಗುವಾಗ ಅದರ ವಾಸನೆ ಹೇಗೆ ಬದಲಾಗುತ್ತದೆ ಅಂತ. "ಅಷ್ಟ ಕಲಿಯಾಕ ಇಷ್ಟ ವರ್ಷ ಬೇಕೇನ ಬೇ ಕ್ಷಮಾ?" ಅನ್ನುತ್ತಾಳೆ.

ಇವತ್ತು ಒಂದು ವಿಚಿತ್ರ. ಅಪ್ಪ ಸಿಪ್ಪೆಗೆ ಉಗುರು ಒತ್ತಿ, ಮೂಸಿ, ಆಮೇಲೆ ಕಟಾವಿಗೆ ದಿನ ಹೇಳುವವರು. ನಮ್ಮೂರು ಗಲಗಲಿಯಲ್ಲಿ ತಾತ್ಯಾಸಾಹೇಬರ, ಅಂದರೆ ಅಪ್ಪನ, ಮೂಗು ಅಂದರೆ ಎಲ್ಲರಿಗೂ ಗೊತ್ತು. ಒಂದು ಹಸಿರು ಕಾಯಿ, ಒಂದು ಬಣ್ಣ ತಿರುಗಿದ್ದು, ಎರಡನ್ನೂ ಕೈಗೆ ಕೊಟ್ಟೆ. ಮೂಸಿದರು.

"ಎರಡೂ ಒಂದ ಅದಾವ."

ನಾನೂ ಮೂಸಿದೆ. ಒಂದಲ್ಲ. ಹಸಿರಿನದು ಎಲೆ ಜಜ್ಜಿದ ಹಾಗೆ. ಇನ್ನೊಂದರಲ್ಲಿ ಆಗಲೇ ಸಿಹಿ ಇಣುಕಿದೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ನಗಲಿಲ್ಲ ಅವರು.

ಸೆಪ್ಟೆಂಬರ್ 22

ರಿಸಲ್ಟ್ ಬಂತು. ಸಿಪ್ಪೆಯ ಎಣ್ಣೆಯ ಗ್ರಾಫ್‌ನಲ್ಲಿ ಲಿಮೊನೀನ್‌ನ ಗೆರೆ ಎಂದಿನಂತೆ ಎಲ್ಲಕ್ಕಿಂತ ಎತ್ತರ. ಎಳೆಗಾಯಿಯಲ್ಲೂ ಅದೇ, ಹಣ್ಣಿನಲ್ಲೂ ಅದೇ. ಎಣ್ಣೆಯ ಹೆಚ್ಚಿನ ಪಾಲು ಅದೊಂದೇ. ಮೂಗಿಗೆ ಗೊತ್ತಾಗುವ ಬದಲಾವಣೆ ಆಗುವುದು ಉಳಿದ ಚೂರುಪಾರಿನಲ್ಲಿ. ಎಳೆಗಾಯಿಯ ಲಿನಲೂಲ್ ಇಳಿಯುತ್ತಿದೆ. ಹಣ್ಣಿನ ವಾಸನೆಯ ಡೆಕನಾಲ್ ಏರುತ್ತಿದೆ. ವ್ಯಾಲೆನ್ಸೀನ್ ಇನ್ನೂ ಕಾಣಿಸಿಲ್ಲ, ಅದು ಹಣ್ಣು ಮಾಗಿದ ಮೇಲೆ ಬರುವ ಅತಿಥಿ. ಗೈಡ್ ಖುಷಿಯಾದರು.

ನಾನಾಗಲಿಲ್ಲ. ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕಿದೆ— ವಯಸ್ಸಾದವರಿಗೆ ವಾಸನೆ ಹೋಗುವುದು ಯಾಕೆ. ಮೊದಲ ಪುಟದಲ್ಲೇ ಪಾರ್ಕಿನ್ಸನ್. ಕೈ ನಡುಗುವುದಕ್ಕಿಂತ ವರ್ಷಗಳ ಮುಂಚೆಯೇ ಮೂಗು ಹೋಗಬಹುದಂತೆ. ಫೋನ್ ಬ್ಯಾಗಿಗೆ ಹಾಕಿದೆ.

ಮನೆಗೆ ಬಂದರೆ ಅಪ್ಪ ಕಪ್ಪಿನ ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ಬಸಿ ನಡುಗುತ್ತಿತ್ತು. ಸ್ವಲ್ಪ. ಚಹಾ ಅಂಚಿಗೆ ಬಂದು ಬಂದು ಹಿಂದೆ ಹೋಗುವಷ್ಟು.

ಯಾರಿಗೂ ಹೇಳಿಲ್ಲ.

ಸೆಪ್ಟೆಂಬರ್ 29, ಮಧ್ಯಾಹ್ನ

ಥೀಸಿಸ್‌ಗೆ ಬೇಕು ಅಂತ ಸುಳ್ಳು ಹೇಳಿ ಅಪ್ಪನನ್ನು ಪಡಸಾಲೆಯಲ್ಲಿ ಕೂರಿಸಿದೆ. ಅವ್ವ ಬಸದಿಗೆ ಹೋಗಿದ್ದಳು.

"ಅಪ್ಪಾ, ಕಣ್ಣು ಮುಚ್ಚರಿ. ನಾ ಕೊಟ್ಟಿದ್ದನ್ನ ಮೂಸಿ, ಏನು ಅಂತ ಹೇಳ್ರಿ."

ಮೊದಲು ಹಸಿರು ಸಿಪ್ಪೆ. ಮೂಗಿನ ಹತ್ತಿರವೇ ಹಿಂಡಿದೆ. ಮುಖ ಕಿವುಚಿದರು. "ಗೊತ್ತಾತು! ಚುರ್ ಅಂತು. ಮೋಸಂಬಿ."

ಎದೆ ಹಗುರಾಯಿತು— ಒಂದು ಗಳಿಗೆ. ಆಮೇಲೆ ಹೊಳೆಯಿತು. ಚುರ್ ಅನ್ನುವುದು ವಾಸನೆಯಲ್ಲ. ಎಣ್ಣೆಯ ಖಾರವನ್ನು ಹಿಡಿಯುವ ನರವೇ ಬೇರೆ. ಕಣ್ಣಿಗೆ ಸಿಡಿದರೂ ಚುರ್ ಅನ್ನುತ್ತದೆ. ಬಣ್ಣ ತಿರುಗಿದ ಕಾಯಿಯ ಸಿಪ್ಪೆಯನ್ನು ಹಿಂಡದೆ ಹಾಗೇ ಹಿಡಿದೆ. ಸುಮ್ಮನಿದ್ದರು. ಕೊನೆಗೆ ಬರೀ ನೀರಲ್ಲಿ ನೆನೆಸಿದ ಹತ್ತಿ.

"ಇದು ಹಣ್ಣಾಗೇತಿ," ಅಂದರು.

ಅವರೇ ಕಣ್ಣು ತೆರೆದು ಹತ್ತಿ ನೋಡಿದರು.

"ಗೊತ್ತೈತಿ ನನಗ. ಶ್ರಾವಣದಿಂದ ಏನೂ ವಾಸನಿ ಬರವಲ್ದು."

"ಮತ್ಯಾಕ ಹೇಳಲಿಲ್ಲರಿ?"

"ಹೇಳಿದ್ರ ನೀ ಓದು ಬಿಟ್ಟ ದವಾಖಾನಿ ಹಿಡೀತಿದ್ದಿ. ನಿಮ್ಮವ್ವ ಅಳಕೋಂತ ಕೂಡತಿದ್ದಳು. ಮೂಗ ಹ್ವಾದ್ರ ಹೋಗಲಿ, ಉಣ್ಣಾಕ ಬಾಯಿ ಐತಿ."

ಆಮೇಲೆ ಮೆಲ್ಲಗೆ— "ಆದ್ರ ಉಂಡದ್ದೂ ಗೊತ್ತಾಗೂದಿಲ್ಲ, ಕ್ಷಮಾ."

ಅಕ್ಟೋಬರ್ 6

ಮಾಳಿಂಗರಾಯ ಬಂದಿದ್ದ. ರಬಕವಿಯ ಹಣ್ಣಿನ ವ್ಯಾಪಾರಿ, ಪ್ರತಿ ವರ್ಷ ನಮ್ಮ ತೋಟದ ಫಸಲು ಹಿಡಿಯುವವನು. ದಸರೆಗೆ ಮುಂಚೆಯೇ ಹಣ್ಣು ಕಡಿಯೋಣ ಅನ್ನುತ್ತಾನೆ.

"ತಾತ್ಯಾರ, ಮೂಸಿ ಒಂದ ಮಾತ ಹೇಳಿಬಿಡ್ರಿ."

ಅಪ್ಪ ಒಂದು ಕಾಯಿ ಕಿತ್ತರು. ಉಗುರು ಒತ್ತಿದರು. ಮೂಗಿನ ತನಕ ಒಯ್ದು, ನಿಂತರು. ಕಾಯಿಯನ್ನು ನನ್ನ ಕೈಗೆ ಕೊಟ್ಟರು.

"ಈ ವರ್ಷ ಮಗಳು ಹೇಳ್ತಾಳ. ಬೆಳಗಾವ್ಯಾಗ ಅದನ್ನ ಕಲಿಯಾಕತ್ತಾಳ."

ಮೂಸಿದೆ. ಇನ್ನೂ ಎಲೆ, ಇನ್ನೂ ಹಸಿ. "ಈಗ ಬ್ಯಾಡ್ರಿ. ದೀಪಾವಳಿ ಆಗಲಿ," ಅಂದೆ. ಮಾಳಿಂಗರಾಯ ಅಪ್ಪನ ಮುಖ ನೋಡಿದ. ಅಪ್ಪ ತಲೆಯಾಡಿಸಿದರು. ಒಪ್ಪಿ ಹೋದ.

ತಿರುಗಿ ಬರುವಾಗ ಬದುವಿನ ಮೇಲೆ ಅಪ್ಪನಿಗೆ ಎಲ್ಲ ಹೇಳಿದೆ. ಆ ಕಾಯಿಲೆಯ ಹೆಸರನ್ನೂ. ಧೋತರಕ್ಕೆ ಹತ್ತಿದ ಮಣ್ಣು ಕೊಡವಿಕೊಂಡರು. "ನಡಿ ಹಂಗಾರ, ತೋರಸೂಣು," ಅಂದರು.

ಅಕ್ಟೋಬರ್ 19, ಬೆಳಗಾವಿ, ಸಂಜೆ 4

ಅಲ್ಲ. ಅದಲ್ಲ. ಅದಲ್ಲವೇ ಅಲ್ಲ.

ಕ್ರಮವಾಗಿ ಬರೆಯಬೇಕು.

ನರಗಳ ಡಾಕ್ಟರು ಅಪ್ಪನನ್ನು ನಡೆಸಿದರು, ತಿರುಗಿಸಿದರು, ಬೆರಳಿಗೆ ಬೆರಳು ಬಡಿಸಿದರು, ಹೆಸರು ಬರೆಸಿದರು. ಅಕ್ಷರ ಗುಂಡಗೆ ಬಂತು. ಏನೇನು ಗುಳಿಗೆ ತಗೋತೀರಿ ಅಂದರು. ಅಪ್ಪ ಅಂಗಿಯ ಜೇಬಿನಿಂದ ದಮ್ಮಿನ, ಅಂದರೆ ಅಸ್ತಮಾದ, ಗುಳಿಗೆಯ ಸ್ಟ್ರಿಪ್ ತೆಗೆದರು. ಹಳೆಯ ದಮ್ಮು ಹೆಚ್ಚಾಗಿದೆ, ಮೂಗು ಕಟ್ಟಿ ಉಸಿರಾಡಲು ಕಷ್ಟ ಅಂತ, ಅಂಗಡಿಯಿಂದ ತಾವೇ ತಂದು, ಮನಸ್ಸಿಗೆ ಬಂದಷ್ಟು ನುಂಗುತ್ತಿದ್ದರಂತೆ.

"ಕೈ ನಡುಗಿಸಾಕತ್ತಿದ್ದು ಇದ ನೋಡ್ರಿ ಯಜಮಾನ್ರ. ಕಡಿಮಿ ಮಾಡ್ರಿ, ನಿಲ್ತೈತಿ. ನೀವು ಹೆದರಿದ್ದ ಲಕ್ಷಣ ಒಂದೂ ಕಾಣವಲ್ದು."

ಅಲ್ಲಿಂದ ಕಿವಿ-ಮೂಗಿನ ಡಾಕ್ಟರ ಹತ್ತಿರ ಕಳಿಸಿದರು. ಸಣ್ಣ ಕ್ಯಾಮೆರಾ ಒಳಗೆ ಬಿಟ್ಟರು. ಪರದೆಯ ಮೇಲೆ ನಾನೂ ನೋಡಿದೆ— ಎರಡೂ ಹೊಳ್ಳೆಯಲ್ಲಿ ಸಿಪ್ಪೆ ಸುಲಿದ ದ್ರಾಕ್ಷಿಯಂಥ ಗಂಟುಗಳು. ದಮ್ಮು ಇದ್ದವರಿಗೆ ಹೀಗೆ ಬೆಳೆಯುವುದುಂಟಂತೆ. ವಾಸನೆ ಮೇಲಕ್ಕೆ ಹೋಗುವ ದಾರಿಯೇ ಮುಚ್ಚಿದೆ. ಗಂಟು ತೆಗೆದರೆ ವಾಸನೆ ತಿರುಗಿ ಬರುವ ಸಂಭವ ಹೆಚ್ಚು, ಆದರೆ ಟೈಮ್ ಹಿಡಿಯುತ್ತದೆ.

ಹೊರಗೆ ಬಂದು ಕಂಬಕ್ಕೆ ಒರಗಿ ಅತ್ತುಬಿಟ್ಟೆ. ಅಪ್ಪ ಪಕ್ಕದಲ್ಲಿ ನಿಂತು, ಅತ್ತಿತ್ತ ನೋಡಿ—

"ಅಳಬ್ಯಾಡ ಬೇ. ತ್ವಾಟದಾಗ ಮೋಸಂಬಿ, ಮೂಗಿನ್ಯಾಗ ದ್ರಾಕ್ಷಿ. ಒಬ್ಬ ರೈತ ಇನ್ನೆಷ್ಟ ಬೆಳೀಬೇಕು?"

ಅಳು ನಗು ಎರಡೂ ಒಟ್ಟಿಗೆ ಬಂತು. ನರ್ಸೊಬ್ಬಳು ನಿಂತು ನೋಡಿ ಹೋದಳು.

ನವೆಂಬರ್ 4

ಆಪರೇಷನ್ ದೀಪಾವಳಿಗೆ ಮುಂಚೆಯೇ ಆಯಿತು. ಮನೆಯಲ್ಲಿದ್ದಾರೆ. ಮೂಗಿಗೆ ಉಪ್ಪುನೀರು, ಸ್ಪ್ರೇ. ಧೂಳಿಗೆ ಹೋಗುವಂತಿಲ್ಲ. ಕೈ ನಡುಕ ಪೂರ್ತಿ ನಿಂತಿದೆ. ಅವ್ವನಿಗೆ ಎಲ್ಲ ತಿಳಿದು ಇಬ್ಬರಿಗೂ ಬೈಗುಳ ಸಿಕ್ಕವು. "ಅಪ್ಪ ಮಗಳು ಕೂಡಿ ನನ್ನ ಹೊರಗಿನಾಕಿನ ಮಾಡಿದ್ರಿ!" ಬೈಯುತ್ತಲೇ ಅಪ್ಪನಿಗೆ ಲಾಡು ಕೊಟ್ಟಳು. ಹೇಗೋ ತಿಂದು ಮುಗಿಸಿದರು. ರುಚಿ ಕೇಳಬೇಡ ಅಂತ ನನಗೆ ಕಣ್ಣಲ್ಲೇ ಹೇಳಿದರು.

ಲ್ಯಾಬ್‌ನಲ್ಲಿ ವ್ಯಾಲೆನ್ಸೀನ್ ಬಂದಿದೆ. ಪುಟ್ಟ ಗೆರೆ, ಆದರೆ ಸ್ಪಷ್ಟ. ತೋಟದಲ್ಲಿ ನನ್ನ ಮೂಗೂ ಅದನ್ನೇ ಹೇಳಿತು. ಮಾಳಿಂಗರಾಯನಿಗೆ ಫೋನ್ ಮಾಡಿ, ಕಡಿಯಿರಿ ಅಂದೆ. ಮನೆಗೆಂದು ತೋಟದ ಬಾಗಿಲ ಬಳಿಯ ಒಂದು ಗಿಡ ಮಾತ್ರ ಬಿಡಿ ಅಂದೆ.

ನವೆಂಬರ್ 10

ಇಲ್ಲ. ಅಪ್ಪನಿಗೆ ಇನ್ನೂ ವಾಸನೆ ಬಂದಿಲ್ಲ.

ನವೆಂಬರ್ 17, ಬೆಳಿಗ್ಗೆ

ಡಾಕ್ಟರು ಓಡಾಡಬಹುದು ಅಂದಿದ್ದಾರೆ. ಅಪ್ಪ ಇಬ್ಬನಿ ಆರುವ ಮೊದಲೇ ತೋಟಕ್ಕೆ ಬಂದರು. ಉಳಿಸಿದ್ದ ಗಿಡದ ಕೆಳಗೆ ನಿಂತು ಒಂದು ಹಣ್ಣು ಕಿತ್ತರು. ನಾನು ದೂರವೇ ನಿಂತೆ. ಹತ್ತಿರ ಹೋದರೆ ಕೇಳಿಬಿಡುತ್ತೇನೆ ಅಂತ.

ಉಗುರು ಒತ್ತಿದರು. ಮೂಸಿದರು. ಮತ್ತೆ ಮೂಸಿದರು. ಹಣ್ಣು ಕೆಳಗಿಳಿಸಿ, ಹೊಳೆಯ ಕಡೆ ನೋಡುತ್ತ ನಿಂತರು. ಬೆನ್ನು ನನ್ನ ಕಡೆ. ಭುಜ ಅಲುಗಿತು.

"ಅಪ್ಪಾ?"

"ಬಂತು," ಅಂದರು. "ಸಣ್ಣಗ. ದೂರದಾಗ ಯಾರೋ ಸುಲಿಯಾಕತ್ತಂಗ."

ಆಮೇಲೆ ಮೂಗು ಒರೆಸಿಕೊಂಡು— "ಛಲೋ ಹಣ್ಣಾಗೇತಿ. ನೀ ಕಡಿಸಿದ್ದು ಸರಿ ಐತಿ."

ಇಬ್ಬರೂ ಬದುವಿನ ಮೇಲೆ ಕೂತು ಆ ಹಣ್ಣು ತಿಂದೆವು. ಬೀಜ ಬಹಳ. ಇಷ್ಟು ರುಚಿಯ ಮೋಸಂಬಿ ತಿಂದ ನೆನಪಿಲ್ಲ.

ಡಿಸೆಂಬರ್ 1, ಬೆಳಿಗ್ಗೆ 8

ಅಪ್ಪನ ಕಾಟ ತಾಳಲಾಗುತ್ತಿಲ್ಲ. ಎಲ್ಲದಕ್ಕೂ ವಾಸನೆ. ಬಸ್ಸು ನಾರುತ್ತದೆ, ಹೊಸ ಸಾಬೂನು ಔಷಧಿಯಂತೆ, ಪಕ್ಕದ ಮನೆಯವರು ಎಮ್ಮೆ ಕೊಟ್ಟಿಗೆ ತೊಳೆದಿಲ್ಲ. ಅವ್ವ ಸೆರಗಲ್ಲಿ ಬಾಯಿ ಮುಚ್ಚಿ ನಗುತ್ತಾಳೆ. ಗೈಡ್ ಫೋನ್ ಮಾಡಿದ್ದರು, ಮುಂದಿನ ವಾರ ಚಾಪ್ಟರ್ ಕೊಡಬೇಕು. ಬರೆಯುತ್ತೇನೆ. ಈಗ ಬರೆಯಬಲ್ಲೆ. ರಾತ್ರಿಯೂ ಚೆನ್ನಾಗಿ ನಿದ್ದೆ ಹತ್ತುತ್ತಿದೆ.

ಇದೋ, ಹಿತ್ತಿಲಿನಿಂದ ಕೂಗಾಟ ಶುರು.

"ಅವಲಕ್ಕಿಗೆ ಒಗ್ಗರಣಿ ಕೊಟ್ಟಾವ್ರು ಯಾರು? ಕರಿಬೇವ ಹಾಕಿಲ್ಲ!"

ಹಿತ್ತಿಲಿಗೂ ಅಡುಗೆಮನೆಗೂ ನಡುವೆ ಎರಡು ಗೋಡೆ. ಒಗ್ಗರಣೆ ಕೊಟ್ಟವಳು ನಾನೇ. ಕರಿಬೇವು ಖರೆ ಮರೆತಿದ್ದೆ. ತಡೀರಿ ಅಪ್ಪಾ, ಬಂದೆ, ಬಂ—